ಹಳದಿ ಬೋರ್ಡಿನ ಕೊನೆಯ ಸಾಲು

ರಾಯಚೂರಿನ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬೋರ್ಡು, ಬ್ಯಾನರುಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ದೇವದುರ್ಗದಿಂದ ಇಲ್ಲಿಗೆ ಬಂದದ್ದೇ ಇದಕ್ಕೆ. ಮದುವೆಯಾಗಲಿಲ್ಲ, ಅವ್ವ ತೀರಿಕೊಂಡ ಮೇಲೆ ಊರಿಗೆ ಹೋಗುವ ನೆಪವೂ ಉಳಿಯಲಿಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ: ಬೋರ್ಡು ಇರುವುದು ನಿಂತು ನೋಡುವವರಿಗಲ್ಲ, ಗಾಡಿಯ ಮೇಲೆ ಹೋಗುವವರಿಗೆ. ಆದರೆ ಅಂಗಡಿಗೆ ಬರುವವರೆಲ್ಲ ನಿಂತು ನೋಡುವವರೇ. ನನ್ನ ಕುರ್ಚಿಯ ಹಿಂದೆ ನಿಂತು, "ಅಲ್ಲಿ ಜಾಗ ಖಾಲಿ ಕಾಣಾಕತ್ತೈತ್ರಿ, ಒಂದು ಹೂವು ಹಾಕ್ರಿ" ಎನ್ನುತ್ತಾರೆ. ಜಾಗ ಖಾಲಿ ಬಿಟ್ಟರೇ ಅಕ್ಷರ ಕಾಣುವುದು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ನಿವೃತ್ತ ಮಾಸ್ತರರೊಬ್ಬರು ಬಂದರು. ಮೂಲ ಮಾನ್ವಿಯವರು, ಹಣೆಯಲ್ಲಿ ಅಂಗಾರ ಅಕ್ಷತೆ, ಮಾತು ಬಹಳ ಮೆದು. ಮಹಡಿಯ ಮನೆಯನ್ನು ಬಾಡಿಗೆಗೆ ಕೊಡಲು ಅವರಿಗೊಂದು ಬೋರ್ಡು ಬೇಕಿತ್ತು. ನಾಲ್ಕು ಮೂಲೆಗೆ ಗುಲಾಬಿ, ನಡುವೆ ಒಂದು ಬಂಗಲೆಯ ಚಿತ್ರ ಇರಲಿ ಎಂದರು.

"ಸರ್, ಬಂಗಲೆ ನೋಡಿ ಬಂದವ್ರು ನಿಮ್ಮ ಮನಿ ನೋಡಿ ವಾಪಸ್ ಹೋಗ್ತಾರ" ಎಂದೆ.

ನಕ್ಕುಬಿಟ್ಟರು. ಬಂಗಲೆ ಹೋಯಿತು, ಗುಲಾಬಿಯೂ ಹೋಯಿತು. ಹಳದಿಯ ಮೇಲೆ ಕಪ್ಪಿನಲ್ಲಿ 'ಮನೆ ಬಾಡಿಗೆಗೆ ಇದೆ', ಅದರ ಕೆಳಗೆ ಫೋನ್ ನಂಬರು, ಕೊನೆಗೆ 'ಕುಟುಂಬಸ್ಥರಿಗೆ ಮಾತ್ರ'. ಈ ಕೊನೆಯ ಸಾಲು ಕೆಂಪಿನಲ್ಲೇ ಇರಬೇಕೆಂದು ಹಟ ಹಿಡಿದರು.

"ಕೆಂಪು ನಮ್ಮ ಬಿಸಲಿಗೆ ತಡಿಯಂಗಿಲ್ರಿ ಸರ್. ಮೊದ್ಲು ಹೋಗೋದೇ ಅದು."

"ಇರಲಿ ತಂಗಿ, ನೋಡ್ಲಿಕ್ಕೆ ಛಂದ ಕಾಣ್ತದ. ಎಲ್ಲಾ ಕರೇದೇ ಆದ್ರ ಹೆಂಗ?"

ಗಿರಾಕಿಯ ಜೊತೆ ಎಷ್ಟೆಂದು ವಾದಿಸುವುದು. ಕೆಂಪನ್ನೇ ಹಾಕಿದೆ.

ಆಗ ಆ ಸಾಲು ನನ್ನನ್ನು ಚುಚ್ಚಿರಲಿಲ್ಲ, ಯಾಕೆಂದರೆ ನನಗೊಂದು ಬಾಡಿಗೆ ಮನೆ ಇತ್ತು. ಯುಗಾದಿ ಮುಗಿದ ಮೇಲೆ ಆ ಮನೆಯ ಒಡತಿ, ಮಗನ ಮದುವೆ ಗೊತ್ತಾಗಿದೆ, ಖಾಲಿ ಮಾಡು ಎಂದಳು. ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಊರು ಯಾವುದು, ಯಾರ ಪೈಕಿ ಎಂಬ ಪ್ರಶ್ನೆಗಳನ್ನು ಹೇಗೋ ದಾಟಿದರೂ, "ಯಜಮಾನ್ರು ಏನ್ ಮಾಡ್ತಾರ್ರಿ?" ಎಂಬಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ನಾಳೆ ಫೋನ್ ಮಾಡ್ತೀವಿ ಎನ್ನುತ್ತಿದ್ದರು. ಯಾರೂ ಮಾಡುತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸೊಬ್ಬಳು ತನ್ನಷ್ಟಕ್ಕೆ ತಾನು ಅನ್ನ ಮಾಡಿ ಉಂಡು ಮಲಗಿದರೆ ಓಣಿಗೆ ಬರುವ ಕೇಡಾದರೂ ಏನು? ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿದ ಮೇಲೆ ಬರೀ ಒಂಟಿತನ ಉಳಿಯುತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಇದನ್ನು ಯಾರಿಗೆ ಹೇಳಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ, ಒಂದು ಹೆಸರೂ ಹೊಳೆಯುತ್ತಿರಲಿಲ್ಲ.

ಅಂಥ ಒಂದು ಸಂಜೆ ಮಾನ್ವಿ ರಸ್ತೆಯಲ್ಲಿ ನಡೆದು ಬರುವಾಗ ನನ್ನದೇ ಬೋರ್ಡು ಕಂಡಿತು. ಮಾಸ್ತರರ ಮನೆ. ಮುಂದೆ ಬೇವಿನ ಮರ, ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು. ಬೇಸಿಗೆಯ ಬಿಸಿಲಿಗೆ ಕೆಂಪು ಪೂರ್ತಿ ಹೋಗಿ, ಆ ಸಾಲು ಹಳದಿಯಲ್ಲೇ ಸೇರಿಹೋಗಿತ್ತು. ಅಲ್ಲಿ ಏನು ಬರೆದಿತ್ತೆಂಬುದು ಈಗ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರಲ್ಲಿ ನಾನೊಬ್ಬಳು. ಆದರೂ ಗೇಟು ತೆಗೆದೆ.

ಮಾಸ್ತರರು ಗುರುತು ಹಿಡಿದು ಚಹಾ ತರಿಸಿದರು. ಬೋರ್ಡು ನೋಡಿ ಬಹಳ ಮಂದಿ ಬರುತ್ತಿದ್ದಾರೆ ಎಂದು ಹೊಗಳಿದರು. ಮೇಲೆ ಕರೆದೊಯ್ದು ತಾವೇ ಕಿಟಕಿಗಳನ್ನು ತೆಗೆದು ಮನೆ ತೋರಿಸಿದರು. ಅಡುಗೆಮನೆಯ ಕಿಟಕಿಗೆ ಬೇವಿನ ಟೊಂಗೆ ತಾಗುತ್ತಿತ್ತು. ಅಲ್ಲಿಯ ಕಲ್ಲಿನ ಕಟ್ಟೆಯ ಮೇಲೆ ಕೈಯಿಟ್ಟು, ಇಲ್ಲಿ ಒಲೆ, ಇಲ್ಲಿ ನೀರಿನ ಕೊಡ ಎಂದು ಮನಸ್ಸಿನಲ್ಲೇ ಜೋಡಿಸಿಬಿಟ್ಟೆ. ಆ ಮನೆ ನನಗೆ ಬೇಕೇ ಬೇಕು ಅನಿಸಿತು.

"ಎಷ್ಟ್ ಮಂದಿ ಇರ್ತೀರಿ ತಂಗಿ?"

"ನಾನೊಬ್ಬಾಕೀನೇ ಸರ್."

ಅವರು ಕಿಟಕಿ ಮುಚ್ಚತೊಡಗಿದರು. "ಬೋರ್ಡಿನ್ಯಾಗ ಹಾಕೀವಲ್ಲವಾ. ನೀನೇ ಮಾಡಿದ್ದು."

"ಅದು ಹೋಗ್ಯದ್ರಿ ಸರ್, ಬಿಸಲಿಗೆ."

ಕೆಳಗೆ ಬಂದು, ಕನ್ನಡಕ ಏರಿಸಿ ಬೋರ್ಡನ್ನೇ ನೋಡಿದರು. "ಅದಕ್ಕೇ ನೋಡು, ಒಬ್ಬೊಬ್ರೇ ಇರೋರೆಲ್ಲಾ ಬಂದು ಬಾಗ್ಲಾ ಬಡೀಲಿಕ್ಕೆ ಹತ್ಯಾರ" ಎಂದರು. ಮನೆ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಗೇಟಿನವರೆಗೂ ಬಂದು ಮರ್ಯಾದೆಯಿಂದ ಕಳಿಸಿಕೊಟ್ಟರು.

ಆ ವಾರವೇ ಅವರು ಅಂಗಡಿಗೆ ಬಂದರು. ನನ್ನ ಮುಖ ನೋಡಲು ಸಂಕೋಚಪಡುತ್ತಿದ್ದರು.

"ನೀ ಅಂದಿದ್ದೇ ಖರೆ ತಂಗಿ. ಆ ಕೆಳಗಿನ ಸಾಲು ಈ ಸಲ ಕರೇದೇ ಮಾಡು. ಸ್ವಲ್ಪ ದೊಡ್ಡದಾಗ್ಲಿ."

ಆ ಸಾಲನ್ನು ಕೆಡಿಸಲು ನನಗೆ ಬೇಕಾದಷ್ಟು ದಾರಿಗಳಿದ್ದವು. ಅಕ್ಷರ ತೆಳ್ಳಗೆ ಮಾಡಿ, ಸಾಲು ಒತ್ತೊತ್ತಾಗಿ ಕೂರಿಸಿದ್ದರೆ ದಾರಿಯಲ್ಲಿ ಹೋಗುವ ಯಾರೂ ಓದುತ್ತಿರಲಿಲ್ಲ. ಮಾಸ್ತರರಿಗೆ ತಿಳಿಯುತ್ತಲೂ ಇರಲಿಲ್ಲ. ಕೈ ಒಪ್ಪಲಿಲ್ಲ. ದಪ್ಪ ಅಕ್ಷರ ಆರಿಸಿದೆ. ಒತ್ತಕ್ಷರಗಳು ಅಂಚಿಗೆ ತಾಗದಂತೆ ಕೆಳಗೆ ಜಾಗ ಬಿಟ್ಟೆ. ದೂರ ಹೋಗಿ ನಿಂತು ನೋಡಿ, ಸಾಲದೆನಿಸಿ, ಮತ್ತೆ ಬಂದು ಇನ್ನಷ್ಟು ದೊಡ್ಡದು ಮಾಡಿದೆ.

"ಇದು ಹೋಗಂಗಿಲ್ಲಲ್ಲಾ?"

"ಹೋಗಂಗಿಲ್ರಿ ಸರ್."

ಈಗ ನಾನು ಮಾನ್ವಿಯಲ್ಲಿದ್ದೇನೆ. ಅವ್ವನ ಕಡೆಯ ಸಂಬಂಧಿಕರೊಬ್ಬರು ಹಿತ್ತಿಲ ಕೋಣೆ ಕೊಟ್ಟರು. ದಿನವೂ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಬರುತ್ತೇನೆ. ಮಾಸ್ತರರ ಮನೆ ಅದೇ ದಾರಿಯಲ್ಲಿದೆ. ಮಹಡಿ ಇನ್ನೂ ಖಾಲಿಯಿದೆ, ಅಡುಗೆಮನೆಯ ಕಿಟಕಿ ಮುಚ್ಚಿಯೇ ಇರುತ್ತದೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ, ನಿಧಾನವೂ ಆಗುವುದಿಲ್ಲ. ಆದರೂ ಬೇವಿನ ಮರ ದಾಟುವಷ್ಟರಲ್ಲಿ ಬೋರ್ಡನ್ನು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಬಹುದು. ಅಷ್ಟು ಒಳ್ಳೆಯ ಬೋರ್ಡು ನಾನು ಇನ್ನೊಂದು ಮಾಡಿಲ್ಲ.