ನೆಲ ನೋಡುವ ತೀರ್ಪುಗಾರರು

ನಾನು ಕಣ್ಣಾರೆ ಕಂಡ ಅತಿ ದೊಡ್ಡ ಮಂಜುಗಡ್ಡೆ ಎಂದರೆ ನನ್ನ ಭಾವಮೈದುನನ ಮದುವೆಯಲ್ಲಿ ಪಾನಕಕ್ಕೆಂದು ತರಿಸಿದ್ದು. ಮರದ ಹೊಟ್ಟಿನಲ್ಲಿ ಹೊರಳಿಸಿ, ಗೋಣಿತಾಟು ಸುತ್ತಿ, ಸೈಕಲ್ ಕ್ಯಾರಿಯರಿಗೆ ಬಿಗಿದು ತಂದಿದ್ದರು. ಪೇಟೆಯಿಂದ ಜಯನಗರ ಮುಟ್ಟುವಷ್ಟರಲ್ಲಿ ಅದು ಅರ್ಧ ಕರಗಿ ಸೈಕಲ್ಲಿನವನ ಬೆನ್ನು ತೋಯಿಸಿತ್ತು. ಅಂಥ ವಸ್ತುವಿನ ಮೇಲೆ ಮನುಷ್ಯರು ನಿಲ್ಲುತ್ತಾರೆ, ನಿಂತು ಕುಣಿಯುತ್ತಾರೆ, ಅದಕ್ಕೆ ಯಾರೋ ಅಂಕ ಕೊಡುತ್ತಾರೆ ಎಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಹೀಗಿದ್ದರೂ ಫಿಗರ್ ಸ್ಕೇಟಿಂಗ್ ಕುರಿತು ನನಗೆ ಖಚಿತವಾದ ಅಭಿಪ್ರಾಯಗಳಿವೆ. ಯಾವ ದೇಶ ಯಾರನ್ನು ತಂಡಕ್ಕೆ ತೆಗೆದುಕೊಳ್ಳಬೇಕಿತ್ತು, ಯಾರನ್ನು ಬಿಟ್ಟದ್ದು ಮಹಾಪರಾಧ ಎಂಬುದನ್ನು ಇಂದಿಗೂ ನಿಮಗೆ ಒಂದು ಗಂಟೆ ಹೇಳಬಲ್ಲೆ.

ಈ ವಿದ್ಯೆ ನನಗೆ ಸಿದ್ಧಿಸಿದ್ದು ಒಂದು ಕಲ್ಲು ಚಪ್ಪಡಿಯ ಮೇಲೆ. ಅರವತ್ತರ ದಶಕದ ಆರಂಭದ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಚರಂಡಿಗೆಂದು ತಂದು ಮಿಕ್ಕ ಚಪ್ಪಡಿಯೊಂದು ನಮ್ಮ ರಸ್ತೆಯ ಮೂಲೆಯಲ್ಲಿ ಬಿದ್ದಿತ್ತು. ಆಫೀಸಿನಿಂದ ಬಂದು ಕಾಫಿ ಕುಡಿದವರು ಅದರ ಮೇಲೆ ಬಂದು ಕೂರುತ್ತಿದ್ದೆವು. ನಾನು ಲೆಕ್ಕಪತ್ರದ ಕಚೇರಿಯ ಗುಮಾಸ್ತ. ನನ್ನ ಎಡಕ್ಕೆ ಶೇಷಗಿರಿರಾಯರು, ಸರ್ಕಾರಿ ಕಚೇರಿಯಲ್ಲಿ ಕೆರೆಕಟ್ಟೆ, ಮೋರಿ, ಸೇತುವೆಗಳ ನಕ್ಷೆ ಬರೆಯುವವರು. ಬಲಕ್ಕೆ ನಾರಣಪ್ಪನವರು, ನಿವೃತ್ತ ಗಣಿತದ ಮೇಷ್ಟರು. ಇವರಿಬ್ಬರ ನಡುವೆ ಯಾರಾದರೂ ಕೂರಲೇಬೇಕಾಗಿದ್ದರಿಂದ ನಾನು ಕೂರುತ್ತಿದ್ದೆ.

ರಾಯರಿಗೆ ಹಳೇ ಪೇಪರಿನ ಅಂಗಡಿಯಲ್ಲಿ ವಿದೇಶದ ಚಿತ್ರಪತ್ರಿಕೆಗಳನ್ನು ಹೆಕ್ಕಿ ತರುವ ಚಟ. ಅವುಗಳಲ್ಲೊಂದು ದಿನ ಆ ಹುಡುಗಿ ಕಾಣಿಸಿಕೊಂಡಳು. ಯಾವುದೋ ಚಳಿಯ ದೇಶದವಳು. ಅವಳ ಹೆಸರನ್ನು ನಾವು ಮೂವರೂ ಮೂರು ತರಹ ಓದಿದೆವು. ಕೊನೆಗೆ ಜಗಳ ಬೇಡವೆಂದು ‘ಹಸಿರು ಲಂಗದ ಹುಡುಗಿ’ ಎಂದೇ ಕರೆದೆವು. ಒಂದು ಕಾಲ ಮೇಲೆ ನಿಂತು, ಇನ್ನೊಂದನ್ನು ಹಿಂದಕ್ಕೆ ಚಾಚಿ, ಕೈಗಳನ್ನು ಬಿಚ್ಚಿ, ಇನ್ನೇನು ಹಾರಿಹೋಗುತ್ತಾಳೆ ಎನ್ನುವ ಹಾಗಿದ್ದಳು. ಚಿತ್ರದ ಕೆಳಗಿನ ಬರಹದ ಪ್ರಕಾರ ಅವಳನ್ನು ಅವಳ ದೇಶದ ತಂಡಕ್ಕೆ ಆರಿಸಿರಲಿಲ್ಲ. ಕಾರಣ, ಅವಳ ವೃತ್ತಗಳು ಚೆನ್ನಾಗಿರಲಿಲ್ಲವಂತೆ.

ಇದನ್ನು ಸ್ವಲ್ಪ ವಿವರಿಸಬೇಕು. ಈ ಆಟದಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಸಂಗೀತವಿಲ್ಲ, ನೆಗೆತವಿಲ್ಲ. ಒಂದೇ ಕಾಲಿನಲ್ಲಿ ಜಾರುತ್ತಾ ನೆಲದ ಮೇಲೆ ಎಂಟರ ಆಕಾರದ ವೃತ್ತಗಳನ್ನು ಬಿಡಿಸಬೇಕು, ಬಿಡಿಸಿದ ಗೆರೆಯ ಮೇಲೆಯೇ ಮತ್ತೆ ಹೋಗಬೇಕು. ಎರಡನೆಯದರಲ್ಲಿ ಮನಬಂದಂತೆ ಹಾರಬಹುದು, ಸುತ್ತಬಹುದು. ಆ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ವೃತ್ತಕ್ಕೇ ಹೋಗುತ್ತಿತ್ತು.

ರಾಯರು ಕೆಂಡವಾದರು. “ಅಲ್ರೀ, ವೃತ್ತ ಎಳೆಯೋಕೆ ಆ ಹುಡುಗಿ ಯಾಕ್ರೀ ಬೇಕು? ನಮ್ಮಾಫೀಸಿನ ಕಂಪಾಸ್ ಸಾಲದಾ?” ಎಂದರು. ಬೆಳಗಿನಿಂದ ಸಂಜೆಯವರೆಗೆ ವೃತ್ತ ಎಳೆದು ಬಂದವರ ಸಂಕಟ ಅದರಲ್ಲಿತ್ತು. ಮೇಷ್ಟರು ಬಿಡಲಿಲ್ಲ. “ಮಗ್ಗಿ ಬಾರದವನಿಗೆ ಬೀಜಗಣಿತ ಯಾಕ್ರೀ? ಮೊದ್ಲು ವೃತ್ತ, ಆಮೇಲೆ ಹಾರಾಟ,” ಎಂದರು. ಅಂದಿನಿಂದ ಚಪ್ಪಡಿಯ ಮೇಲೆ ಎರಡು ಪಕ್ಷ. ರಾಯರದು ಹಾರುವ ಪಕ್ಷ, ಮೇಷ್ಟರದು ವೃತ್ತದ ಪಕ್ಷ. ನಾನು ಯಾರು ಎಲೆಅಡಿಕೆ ಚಾಚುತ್ತಾರೋ ಅವರ ಪಕ್ಷ. ಪತ್ರಿಕೆಗಳು ಹಳೆಯವಾದ್ದರಿಂದ ನಾವು ಒಬ್ಬಳನ್ನು ಕೈಬಿಟ್ಟದ್ದು ಸರಿಯೋ ತಪ್ಪೋ ಎಂದು ಕಿತ್ತಾಡುವ ಹೊತ್ತಿಗೆ ಆ ಸ್ಪರ್ಧೆ ಮುಗಿದು, ಗೆದ್ದವಳಿಗೆ ಮದುವೆಯೂ ಆಗಿರುತ್ತಿತ್ತು. ಅದರಿಂದ ನಮ್ಮ ಉತ್ಸಾಹಕ್ಕೇನೂ ಕುಂದಾಗಲಿಲ್ಲ.

ನಮ್ಮ ಪಂಡಿತರು ಸಹೃದಯ ಎಂಬ ಪದವನ್ನು ಬಹಳ ಆದರದಿಂದ ಬಳಸುತ್ತಾರೆ. ಕಾವ್ಯ ಬರೆಯದೆ ಕಾವ್ಯವನ್ನು ಬಲ್ಲವನು, ವೀಣೆ ಮುಟ್ಟದೆ ಅಪಸ್ವರಕ್ಕೆ ಮುಖ ಕಿವುಚುವವನು. ಆ ಲೆಕ್ಕದಲ್ಲಿ ಆಟದ ಅಭಿಮಾನಿ ಅವನ ತಮ್ಮ. ಆದರೆ ಸಹೃದಯ ಕಣ್ಣು ಮುಚ್ಚಿ ತಲೆದೂಗುತ್ತಾನೆ, ಅಭಿಮಾನಿ ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ನಿಲ್ಲುತ್ತಾನೆ. ಇನ್ನು ಆಯ್ಕೆಯ ವಿಚಾರಕ್ಕೆ ಬಂದರೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ತಿಂದು, ಹಾಡು ಹೇಳಿಸಿ, ನಡೆಸಿ ನೋಡಿ, “ಊರಿಗೆ ಹೋಗಿ ಕಾಗದ ಹಾಕ್ತೀವಿ” ಎಂದು ಎದ್ದು ಬರುವವರು ನಾವು. ಕಾಗದ ಬಾರದ ಮನೆಯವರು ಏನೇನು ಅಂದುಕೊಳ್ಳುತ್ತಾರೋ ಅದನ್ನೇ ಕ್ರಿಕೆಟ್ ತಂಡ ಪ್ರಕಟವಾದ ದಿನ ನಾವೆಲ್ಲರೂ ಅಂದುಕೊಳ್ಳುತ್ತೇವೆ.

ಈಗ ವತ್ಸಲೆಯ ಮಾತು. ವತ್ಸಲೆ ರಾಯರ ಮಗಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಇದ್ದ ಅವಳ ಸೋದರಮಾವ, ಊರು ಬಿಡುತ್ತಿದ್ದ ಯಾರೋ ಇಂಗ್ಲಿಷ್ ದೊರೆಗಳ ಮನೆಯಿಂದ ಒಂದು ಜೊತೆ ಗಾಲಿಯ ಸ್ಕೇಟುಗಳನ್ನು ತಂದುಕೊಟ್ಟಿದ್ದ. ಬೂಟಿಗೆ ಪಟ್ಟಿಯಿಂದ ಬಿಗಿಯುವ ಕಬ್ಬಿಣದ ಗಾಲಿಗಳು. ಜರಗನಹಳ್ಳಿಯ ಪಟೇಲರೊಬ್ಬರು ಅಲ್ಲೇ ಹತ್ತಿರ ಒಂದು ಛತ್ರ ಕಟ್ಟಿಸಲು ಹೊರಟು, ನೆಲಕ್ಕೆ ನುಣುಪಾದ ಸಿಮೆಂಟು ಹಾಕಿಸಿದ ಮೇಲೆ ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬಂದು ಗೋಡೆ ಏಳಲೇ ಇಲ್ಲ. ಅಲ್ಲಿ ಹಗಲೆಲ್ಲ ಹುರುಳಿ ಒಣಗುತ್ತಿತ್ತು. ಸಂಜೆ ಅದನ್ನು ಗುಡಿಸಿಕೊಂಡು ಹೋದ ಮೇಲೆ ವತ್ಸಲೆ ಬರುತ್ತಿದ್ದಳು. ಪಟೇಲರ ಅನುಮತಿ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೆ: “ಆಡ್ಕಳ್ಲಿ ಬುಡಿ ಸೋಮಿ, ಮಗ. ನೆಲ ಏನ್ ಸವ್ದೋಯ್ತದಾ?”

ದಂಡಿನಲ್ಲೊಂದು ಸ್ಕೇಟಿಂಗ್ ಸಂಘವಿತ್ತು. ಬೊಂಬಾಯಿಯಲ್ಲಿ ನಡೆಯುವ ಸ್ಪರ್ಧೆಗೆ ಮೈಸೂರು ರಾಜ್ಯದ ಪರವಾಗಿ ಒಬ್ಬ ಹುಡುಗಿಯನ್ನು ಆರಿಸುತ್ತಾರೆಂದು ಸೋದರಮಾವ ಸುದ್ದಿ ತಂದಿದ್ದ. ಗಾಲಿಯ ಆಟಕ್ಕೂ ಅದೇ ಎರಡು ಭಾಗ, ಅದೇ ವೃತ್ತ. ವತ್ಸಲೆ ರಂಗೋಲಿ ಡಬ್ಬಿ ತಂದು, ಗುಂಡುಕಲ್ಲಿಗೆ ದಾರ ಕಟ್ಟಿ, ನೆಲದ ಮೇಲೆ ದೊಡ್ಡ ಎಂಟು ಬಿಡಿಸುತ್ತಿದ್ದಳು. ಆಮೇಲೆ ಆ ಬಿಳಿ ಗೆರೆಯ ಮೇಲೆ ಒಂದೇ ಕಾಲಿನಲ್ಲಿ ಸಾಗುತ್ತಿದ್ದಳು. ಎಲ್ಲಿ ತಪ್ಪಿದಳೋ ಅಲ್ಲಿ ಗಾಲಿಯ ಗುರುತು ಗೆರೆಯ ಆಚೆ ಬೀಳುತ್ತಿತ್ತು. ಬಗ್ಗಿ ನೋಡಿ, ಅಳಿಸಿ, ಮತ್ತೆ ಬಿಡಿಸುತ್ತಿದ್ದಳು. ಚಪ್ಪಡಿಯ ಮೇಲೆ ಕೂತ ನಮಗೆ ಗಾಲಿಯ ಗರಗರ ಸದ್ದು ಕೇಳಿಸುತ್ತಿತ್ತು.

ನಾವು ಕೂತಲ್ಲಿಂದ ಕೂಗಳತೆಯಲ್ಲಿ ಹುಡುಗಿಯೊಬ್ಬಳು ಸ್ಕೇಟಿಂಗ್ ಮಾಡುತ್ತಿದ್ದಾಗ ನಾವು ಹಸಿರು ಲಂಗದ ಹುಡುಗಿಗಾದ ಅನ್ಯಾಯವನ್ನು ಚರ್ಚಿಸುತ್ತಿದ್ದೆವು. ರಾಯರು ಒಂದೇ ಒಂದು ಸಲ ಅತ್ತ ಹೋಗಿದ್ದರು. ಮಗಳು ವೃತ್ತದ ಮೇಲಿದ್ದಳು. ಅವರು ನಿಂತಲ್ಲಿಂದಲೇ, “ಏನೇ ಇದು ಗಾಣದೆತ್ತಿನ ಹಂಗೆ? ಕಾಲೆತ್ತು, ಕೈ ಚಾಚು,” ಎಂದು ಹೇಳಿ ಬಂದುಬಿಟ್ಟರು. ಅವರಿಗೆ ಗಾಲಿಯ ಆಟವೇ ನಕಲಿ ಮಾಲು, ಅದರಲ್ಲೂ ವೃತ್ತ ಬೇರೆ. ವತ್ಸಲೆಯ ತಾಯಿಯ ಚಿಂತೆ ಕಾಲು ಮುರಿದುಕೊಂಡರೆ ಯಾರು ಮಾಡಿಕೊಳ್ಳುತ್ತಾರೆ ಎಂಬುದು. ಆಕೆಯೇ ಒಂದು ದಿನ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರಂತೆ, “ಬೊಂಬಾಯಿಗೆ ಹೋಗ್ಬೇಕು ಅನ್ನೋ ಆಸೆ ಇದೆ ಕಣ್ರೀ ಅವಳಿಗೆ. ಆದ್ರೆ ಅದಕ್ಕಿಂತ ಅವರಪ್ಪ ಒಂದು ದಿನ ಕೂತ್ಕೊಂಡು ನೋಡ್ಲಿ ಅಂತ ಜಾಸ್ತಿ ಇದೆ. ಬಾಯ್ಬಿಟ್ಟು ಕೇಳಲ್ಲ ಮುಂಡೇದು.” ನನ್ನ ಹೆಂಡತಿ ಇದನ್ನು ನನಗೆ ಹೇಳಿ, ರಾಯರಿಗೆ ಒಂದು ಮಾತು ಹೇಳಿ ಎಂದಳು. ಗಂಡಸರ ಕಟ್ಟೆಯಲ್ಲಿ ಇಂಥ ಮಾತು ಎತ್ತುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಆಯ್ಕೆಯ ಭಾನುವಾರ ನಾವು ಮೂವರೂ ಬಸ್ಸು ಹತ್ತಿ ದಂಡಿಗೆ ಹೋದೆವು. ಜೀವಮಾನದಲ್ಲಿ ಮೊದಲ ಸಲ ಸ್ಕೇಟಿಂಗಿನ ಹಾರಾಟವನ್ನು ಕಣ್ಣಾರೆ ನೋಡಲಿದ್ದೆವು. ಅಷ್ಟು ದಿನ ಹಾರಾಟವೆಂದು ನಾವು ನೋಡಿದ್ದೆಲ್ಲ ಪತ್ರಿಕೆಯ ನಿಂತ ಚಿತ್ರಗಳು. ಹಾಗಾಗಿ ಆ ಭಂಗಿಯಲ್ಲೇ ನಿಂತಿರುವುದು ಆಟ, ಬಹಳ ಹೊತ್ತು ನಿಂತವರು ಗೆದ್ದವರು ಎಂದು ಮೂವರ ಮನಸ್ಸಿನಲ್ಲೂ ಹೇಗೋ ಕೂತುಬಿಟ್ಟಿತ್ತು. ಸ್ಪರ್ಧೆಗೆ ಮುಂಚೆ ಮೈ ಸಡಿಲಿಸಿಕೊಳ್ಳುತ್ತಿದ್ದ ದಂಡಿನ ಹುಡುಗಿಯೊಬ್ಬಳು ಕಾಲು ಚಾಚಿ ಕಣ್ಣು ಮಿಟುಕಿಸುವುದರೊಳಗೆ ದಾಟಿಹೋದಾಗ ರಾಯರು, “ನಿಲ್ಲು, ನಿಲ್ಲು, ಅಲ್ಲೇ ನಿಲ್ಲು!” ಎಂದು ಕೂಗಿಯೇಬಿಟ್ಟರು. ಸುತ್ತ ಕೂತವರು ತಿರುಗಿ ನೋಡಿದರು. ಮೇಷ್ಟರು ತಮಗೂ ಇವರಿಗೂ ಸಂಬಂಧವಿಲ್ಲ ಎಂಬಂತೆ ಸೂರು ನೋಡಿದರು.

ಆಮೇಲೆ ವೃತ್ತಗಳು. ನೆಲದ ಮೇಲೆ ಬಣ್ಣದಲ್ಲಿ ಬರೆದ ದೊಡ್ಡ ಎಂಟು. ವತ್ಸಲೆ ಎರಡು ಜಡೆ ಕಟ್ಟಿ, ಲಂಗವನ್ನು ಮೊಣಕಾಲಿನ ಕೆಳಗೆ ಪಿನ್ನು ಹಾಕಿ ಎತ್ತಿಕೊಂಡು ಬಂದಳು. ನಿಧಾನವಾಗಿ ಹೊರಟಳು. ತೀರ್ಪುಗಾರರು ಅವಳ ಮುಖ ನೋಡಲಿಲ್ಲ, ಕೈ ನೋಡಲಿಲ್ಲ. ಬಗ್ಗಿ, ಮೊಣಕಾಲು ಹಿಡಿದುಕೊಂಡು, ಅವಳ ಹಿಂದೆ ಹಿಂದೆ ನೆಲ ನೋಡುತ್ತಾ ನಡೆದರು. ರಾಯರಿಗೆ ತಡೆಯಲಾಗಲಿಲ್ಲ. “ನೋಡಿದ್ರಾ? ಹುಡುಗಿ ಇಷ್ಟು ಕಷ್ಟಪಡ್ತಿದ್ರೆ ಇವರು ಕಾಸು ಬೀಳಿಸಿಕೊಂಡವರ ಹಂಗೆ ನೆಲ ನೋಡ್ತಾರಲ್ರೀ!” ಎಂದರು. ಹಾಗೆನ್ನುವಾಗ ರಾಯರು ನೋಡುತ್ತಿದ್ದದ್ದು ತೀರ್ಪುಗಾರರನ್ನು. ಮಗಳು ಎಂಟನ್ನು ಮುಗಿಸಿ ತಲೆ ಎತ್ತಿ ಅಪ್ಪನ ಕಡೆ ನೋಡಿದ್ದು ಅವರಿಗೆ ಕಾಣಲಿಲ್ಲ. ನನಗೆ ಕಂಡಿತು.

ಹಾರಾಟದಲ್ಲಿ ದಂಡಿನ ಹುಡುಗಿ ನಿಜಕ್ಕೂ ಹಕ್ಕಿ. ವತ್ಸಲೆ ಹೆದರಿ ಬಿಗಿದುಕೊಂಡಳು, ಒಂದು ಸಲ ಮುಗ್ಗರಿಸಿದಳು. ಕೊನೆಗೆ ಕೂಗಿದ ಹೆಸರು ವತ್ಸಲೆಯದು. ವೃತ್ತದ ಅಂಕ ಅವಳನ್ನು ಮೇಲೆತ್ತಿತ್ತು.

ನ್ಯಾಯವಾಗಿ ಅಂದು ರಾಯರು ಹಿಗ್ಗಬೇಕಿತ್ತು. ಆದರೆ ತಿಂಗಳುಗಟ್ಟಲೆ ಸಾಕಿದ ಸಿದ್ಧಾಂತವನ್ನು ಮಗಳಿಗಾಗಿ ಬಿಡುವಷ್ಟು ಸಡಿಲ ಮನುಷ್ಯರಲ್ಲ ಅವರು. ಮರಳುವಾಗ ಬಸ್ಸಿನಲ್ಲಿ ಮಗಳು ಪಕ್ಕದಲ್ಲೇ ಕೂತಿದ್ದಾಗ, “ತೀರ್ಪು ತಪ್ಪು. ಆ ಹುಡುಗಿ ಹೋಗ್ಬೇಕಿತ್ತು,” ಎಂದರು. ವತ್ಸಲೆ ಸ್ಕೇಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಲಾಲ್‌ಬಾಗಿನ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: “ನಾನು ಮಾಡಿದ ವೃತ್ತ ಹೆಂಗಿತ್ತಪ್ಪ?”

ರಾಯರು ಜೇಬಿನಲ್ಲಿ ಟಿಕೆಟ್ಟು ಹುಡುಕತೊಡಗಿದರು. ಅವರು ಅದನ್ನು ನೋಡಿರಲಿಲ್ಲ.

ಮರುದಿನದಿಂದ ಶುರುವಾಯಿತು ನೋಡಿ. ರಾಯರು ರಾತ್ರೋರಾತ್ರಿ ಪಕ್ಷಾಂತರ ಮಾಡಿದ್ದರು. “ಹಾರೋದೇನ್ರೀ, ಕಪ್ಪೇನೂ ಹಾರತ್ತೆ. ವೃತ್ತ ಬಿಡಿಸ್ಲಿ ನೋಡೋಣ,” ಎನ್ನತೊಡಗಿದರು. ಹಸಿರು ಲಂಗದ ಹುಡುಗಿಯನ್ನು ನಡುನೀರಿನಲ್ಲಿ ಕೈಬಿಟ್ಟರು. ತಮ್ಮ ಪಕ್ಷಕ್ಕೆ ಇವರು ನುಗ್ಗಿದ್ದನ್ನು ಮೇಷ್ಟರಿಗೆ ಸಹಿಸಲಾಗಲಿಲ್ಲ. ಹಟಕ್ಕೆ ಬಿದ್ದು ಅವರು ಹಾರುವ ಪಕ್ಷ ಸೇರಿ, ಕಲೆಯೆಂದರೆ ಗಣಿತವಲ್ಲ ಎಂದು ಸಾರಿದರು. ಹೀಗೆ ವಾದ ಒಂದು ದಿನವೂ ನಿಲ್ಲದೆ ಮುಂದುವರಿಯಿತು. ರಾಯರು ಕಚೇರಿಯಿಂದ ದೊಡ್ಡ ಮರದ ಕಂಪಾಸು ಎರವಲು ತಂದು ಛತ್ರದ ನೆಲದ ಮೇಲೆ ಅಳತೆ ಮಾಡಿ ಗೆರೆ ಎಳೆದುಕೊಟ್ಟರು. ಎಳೆದು ಮುಗಿಸಿ, ಅದರ ಮಹತ್ವವನ್ನು ನಮಗೆ ವಿವರಿಸಲು ಚಪ್ಪಡಿಗೆ ಓಡಿ ಬರುತ್ತಿದ್ದರು. ಮಗಳು ಅದರ ಮೇಲೆ ಸಾಗುವುದನ್ನು ನೋಡಲು ಆಗಲೂ ಅವರಿಗೆ ಪುರುಸೊತ್ತಾಗಲಿಲ್ಲ.

ವತ್ಸಲೆ ಸೋದರಮಾವನ ಜೊತೆ ಬೊಂಬಾಯಿಗೆ ಹೋಗಿ ಬಂದಳು. ಬಂದ ಸಂಜೆ ನಾವೆಲ್ಲ ಚಪ್ಪಡಿಯ ಮೇಲಿದ್ದೆವು. ಜಟಕಾ ಇಳಿದು, ಹೋಲ್ಡಾಲು ಹೊತ್ತ ಮಾವನನ್ನು ಮುಂದೆ ಬಿಟ್ಟು, ಅವಳು ನಮ್ಮ ಮುಂದೆ ನಿಂತಳು. ಮುಖ ಬಾಡಿತ್ತು.

“ಏನಾಯ್ತಮ್ಮ?” ಎಂದರು ಮೇಷ್ಟರು.

“ವೃತ್ತ ಕೆಟ್ಟೋಯ್ತು ಮೇಷ್ಟ್ರೇ. ಅಲ್ಲಿ ಮರದ ನೆಲ, ಗಾಲಿ ನಿಲ್ಲಲೇ ಇಲ್ಲ. ಎಲ್ಲರಿಗಿಂತ ಕೆಳಗೆ ಬಂದೆ. ಹಾರೋದ್ರಲ್ಲಿ ಮಾತ್ರ ಜನ ಚಪ್ಪಾಳೆ ಹೊಡೆದ್ರು.”

ಮೇಷ್ಟರು ಗೆದ್ದ ನಗೆಯನ್ನು ಮೀಸೆಯಲ್ಲಿ ಅಡಗಿಸಿಕೊಂಡು ರಾಯರ ಕಡೆ ತಿರುಗಿದರು. ನಾನೂ ತಿರುಗಿದೆ. ನೆಲದ ದೋಷ, ಅಳತೆಯ ದೋಷ, ಬೊಂಬಾಯಿಯವರ ಪಕ್ಷಪಾತ, ಯಾವುದಾದರೊಂದು ಬರಲೇಬೇಕಿತ್ತು. ರಾಯರು ಎದ್ದು ನಿಂತು ಮಗಳ ಕೈಯಿಂದ ಸ್ಕೇಟಿನ ಚೀಲ ತೆಗೆದುಕೊಂಡರು.

“ಟ್ರೈನಲ್ಲಿ ಏನ್ ತಿಂದೆ?”

“ಮೊಸರನ್ನ ಇತ್ತು. ಹಳಸೋಗಿತ್ತು.”

“ನಡಿ, ಅಮ್ಮ ಸಾರು ಮಾಡಿದಾಳೆ.” ನಾಲ್ಕು ಹೆಜ್ಜೆ ಹೋದವರು ನಿಂತರು. “ನಾಳೆ ಛತ್ರದ ಹತ್ರ ಮಾಡಿ ತೋರ್ಸು. ಕೂತ್ಕೊಂಡು ನೋಡ್ತೀನಿ.”

ಹುಡುಗಿ ಅವರ ಮುಖವನ್ನೇ ನೋಡಿದಳು. “ಯಾವ್ದು? ವೃತ್ತಾನಾ, ಹಾರೋದಾ?”

“ಯಾವ್ದಾದ್ರೂ ಸರಿ ಕಣಮ್ಮ,” ಎಂದರು ರಾಯರು.

ಅಪ್ಪ ಮಗಳು ಮನೆಯ ಕಡೆ ಹೋದರು. ಮೇಷ್ಟರಿಗೆ ಮಾತ್ರ ಭಾರೀ ನಿರಾಶೆಯಾಯಿತು. ಯಾವುದಾದರೂ ಸರಿ ಎನ್ನುವವರಿಗೆ ಆಟದ ಗಂಧವೇ ಗೊತ್ತಿಲ್ಲ, ಇಂಥವರ ಜೊತೆ ಇಷ್ಟು ದಿನ ಗಂಟಲು ಹರಿದುಕೊಂಡದ್ದು ದಂಡ ಎಂದು ನನಗೆ ಹೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಎಲೆಅಡಿಕೆಯ ಚೀಲ ಬಿಚ್ಚುತ್ತಿದ್ದರು.