ತಂತಿ ಕಿತ್ತು ನೋಡಿದ ಟೂಲು

ನಮ್ಮ ಚಿಕ್ಕಪ್ಪನ ಸೀರೆ ಅಂಗಡಿಗೆ ಇದ್ದದ್ದು ಒಂದೇ ಫೋನ್ ಲೈನು. ಬೆಳಿಗ್ಗೆ ಶಟರ್ ಎತ್ತುವ ತನಕ ಅದು ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸುವ ನನ್ನ ಮೋಡೆಮಿನದು, ಎತ್ತಿದ ಮೇಲೆ ಚಿಕ್ಕಪ್ಪನದು. ಶಟರಿನ ಸದ್ದು ಕೇಳಿದ ಕೂಡಲೇ ತಂತಿ ಕಿತ್ತು ಫೋನಿಗೆ ಸಿಕ್ಕಿಸಬೇಕು. ಒಂದು ದಿನ ತಡವಾಯಿತು. ಚಿಕ್ಕಪ್ಪ ರಿಸೀವರ್ ಎತ್ತಿದವರೇ, "ಒಳಗ್ಯಾರೋ ಯಾರ್ದೋ ಕತ್ತು ಹಿಸುಕ್ತಾವ್ರೆ ಕಣ್ಲಾ!" ಅಂತ ಕೂಗಿದರು. ಆ ಕೂಗು, ಹಿಂದೆ ಮೋಡೆಮಿನ ಕಿರುಚಾಟ, ಅದರ ಹಿಂದೆ ಪಕ್ಕದ ಮನೆಯ ಪವರ್‌ಲೂಮಿನ ಬಡಿತ, ಎಲ್ಲ ಸೇರಿಸಿ ನಾನು ಒಂದು ಮಿಮಿಕ್ರಿ ಕಟ್ಟಿದೆ. ಮೊದಲ ಪ್ರದರ್ಶನ ಚಿಕ್ಕಪ್ಪನ ಎದುರಿಗೇ. ಬೆನ್ನಿಗೆ ಬಿದ್ದ ಏಟನ್ನೂ ಮುಂದೆ ಅದಕ್ಕೇ ಸೇರಿಸಿಕೊಂಡೆ.

ಕಂಪ್ಯೂಟರ್ ಬಂದದ್ದು ಸೀರೆಯಂಚಿನ ಡಿಸೈನ್ ಬಿಡಿಸುವುದಕ್ಕೆ. ನಾನು ಅದರಲ್ಲಿ ವಿಂಡೋಸಿನಂಥದೇ ಆದರೆ ಪುಕ್ಕಟೆಯ ಲಿನಕ್ಸ್ ಹಾಕಿಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಹುಡುಗರ ಗುಂಪೊಂದು ಲಿನಕ್ಸ್ ಜೊತೆಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಆರಿಸಿ, ಜೋಡಿಸಿ, ತಮ್ಮದೇ ಡಿಸ್ಟ್ರಿಬ್ಯೂಷನ್ ಅಂತ ಸೀಡಿಯಲ್ಲಿ ಹಂಚಲು ಹೊರಟಿತ್ತು. ದೊಡ್ಡಬಳ್ಳಾಪುರದಿಂದ ನಾನೊಬ್ಬ ಅದಕ್ಕೆ ಅಂಟಿಕೊಂಡಿದ್ದೆ. ಏನೇ ಸೀಡಿಗೆ ಹೋಗಬೇಕಾದರೂ ಒಬ್ಬ ರಿವ್ಯೂಯರ್ ಅದರ ಸೋರ್ಸ್ ಕೋಡನ್ನು ತನ್ನ ಮೆಷಿನ್ನಿನಲ್ಲಿ ಬುಡದಿಂದ ಕಟ್ಟಿ, ಓಡಿಸಿ ನೋಡಿ, ಗುಂಪಿನ ಈಮೇಲ್ ಲಿಸ್ಟಿಗೆ "ಒಪ್ಪಿದೆ" ಅಂತ ಬರೆಯಬೇಕು. ಕರ್ನಲ್ಲು, ನೆಟ್‌ವರ್ಕು ಇಂಥ ಗಂಡುಗೆಲಸವನ್ನೆಲ್ಲ ಬುದ್ಧಿವಂತರು ಹಂಚಿಕೊಂಡರು. ಯಾರಿಗೂ ಬೇಡವಾಗಿ ಉಳಿದದ್ದು ಒಂದು ಡಾಕ್ಯುಮೆಂಟ್ ಟೂಲು, ಯಾರಿಗೂ ಬೇಡವಾಗಿ ಉಳಿದ ರಿವ್ಯೂಯರ್ ನಾನು. ಜಾತಕ ಕೂಡಿತು.

ಟೂಲೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಂದೇ ಸಲ ಬರೆದರೆ ಸಾಕು, ಅದೇ ಬರಹವನ್ನು ಅಚ್ಚಿನ ಪುಟವಾಗಿಯೂ ವೆಬ್ ಪುಟವಾಗಿಯೂ ಮಾಡಿಕೊಡುತ್ತಿತ್ತು. ಸೀಡಿಯ ಕೈಪಿಡಿಯನ್ನು ಅದರಲ್ಲೇ ಮಾಡುವುದೆಂದು ತೀರ್ಮಾನವಾಗಿತ್ತು. ಬರೆದವರು ಗುಂಪಿನ ಹಿರಿಯರು, ಕಾಲೇಜೊಂದರಲ್ಲಿ ಪಾಠ ಹೇಳುವವರು. ಎಲ್ಲರಿಗೂ ಅವರು ಸಾರ್. ಪ್ರತಿ ಮಾತಿಗೂ "ಗೊತ್ತಾಯ್ತಲ್ಲಪ್ಪ?" ಅಂತ ಒಂದು ಬಾಲ ಹಚ್ಚುತ್ತಿದ್ದರು. ಮೀಟಿಂಗಿಗೆ ಅವರು ತಡವಾದರೆ ನಾನೇ ಅವರ ಕುರ್ಚಿಯಲ್ಲಿ ಕೂತು ಆ ಬಾಲ ಅಲ್ಲಾಡಿಸಿ ತೋರಿಸುತ್ತಿದ್ದೆ.

ಟೂಲನ್ನು ಕಟ್ಟಿದ್ದು ಒಂದು ಬೆಳಿಗ್ಗೆ. ಅಷ್ಟರಲ್ಲಿ ಶಟರ್ ಎದ್ದಿತು, ತಂತಿ ಕಿತ್ತೆ. ಆಮೇಲೆ ಓಡಿಸಿದರೆ ಟೂಲು ಸುಮ್ಮನೆ ನಿಂತುಬಿಟ್ಟಿತು. ಬಹಳ ಹೊತ್ತಾದ ಮೇಲೆ ಒಂದು ಸಾಲು ಉಗುಳಿತು: ಫೈಲು ಸಿಗಲಿಲ್ಲ. ತಪ್ಪು ನನ್ನದೇ ಇರಬೇಕೆಂದು ಎಲ್ಲ ಅಳಿಸಿ ಮತ್ತೆ ಕಟ್ಟಿದೆ. ಮತ್ತೆ ಅದೇ. ಕೋಡು ಬಿಚ್ಚಿ ನೋಡಿದೆ. ಎರಡು ಸಾಲಿನ ರಜಾಚೀಟಿ ಕೊಟ್ಟರೂ ಈ ಟೂಲು, ಅದನ್ನು ಹೇಗೆ ಜೋಡಿಸಬೇಕು ಅನ್ನುವ ನಿಯಮದ ಫೈಲೊಂದನ್ನು ಪ್ರತಿ ಸಲವೂ ಪರದೇಶದ ಯಾವುದೋ ಮೆಷಿನ್ನಿನಿಂದ ತರಿಸಿಕೊಳ್ಳುತ್ತಿತ್ತು. ಸಾರ್ ಇದ್ದದ್ದು ಹಗಲೂ ರಾತ್ರಿ ಲೈನಿರುವ ಕಾಲೇಜಿನ ಲ್ಯಾಬಿನಲ್ಲಿ, ನಮ್ಮ ಮೀಟಿಂಗೂ ಅಲ್ಲೇ. ಬೇರೆಯವರು ನೋಡಿದ್ದೂ ಅಲ್ಲೇ. ಟೂಲು ಹೊರಗೆ ಹೋಗಿ ಬರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಲಿಸ್ಟಿಗೆ "ಒಪ್ಪಿಲ್ಲ" ಅಂತ ಬರೆದು ಕಾರಣ ಹಾಕಿದೆ. ಸೀಡಿ ಜೋಡಿಸುವ ಉಸ್ತುವಾರಿ ಹೊತ್ತಿದ್ದ ಗೆಳೆಯ ಅಂಗಡಿಗೇ ಫೋನ್ ಮಾಡಿದ.

"ಏನ್ ಗುರು, ಇದ್ಯಾರ ಮಿಮಿಕ್ರಿ?"

"ನಂದೇ ದನಿ ಕಣೋ."

"ನಿಂಗೆ ಅಂತಾನೂ ಒಂದು ಇದ್ಯಾ? ಸೋಮವಾರ ಸೀಡಿ ಪ್ರೆಸ್ಸಿಗೆ ಹೋಗ್ಬೇಕು. ಸುಮ್ನೆ ಒಪ್ಪಿದೆ ಅಂತ ಬರಿ ಮಾರಾಯ."

"ಬರಿಯಲ್ಲ."

"ಲೇ, ಎಲ್ಲರ ಮೆಷಿನ್ನಲ್ಲೂ ಓಡ್ತಾ ಇದೆ. ನಿಂದು ಒಂದೇ ಕೆಟ್ಟಿರೋದು."

ಅಷ್ಟು ಹೊತ್ತಿಗೆ ಚಿಕ್ಕಪ್ಪ ರಿಸೀವರ್ ಕಿತ್ತುಕೊಂಡು, "ಸೀರೆ ಬೇಕೇನಪ್ಪಾ? ಬ್ಯಾಡ್ವಾ? ಹಂಗಾದ್ರೆ ಮಡಗು" ಅಂದು ಇಟ್ಟುಬಿಟ್ಟರು.

ನನಗೆ ಉರಿಯಿತು. ಭಾನುವಾರದ ಮೀಟಿಂಗಿಗೆ ಕೆಟ್ಟ ಮೆಷಿನ್ನನ್ನೇ ಹೊತ್ತುಕೊಂಡು ಹೋದೆ. ಅಂಗಡಿಯ ಹಳೇ ಬಟ್ಟೆಯಲ್ಲಿ ಸೀರೆಗಂಟಿನ ಹಾಗೆ ಕಂಪ್ಯೂಟರಿನ ಡಬ್ಬ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೆ. ರಾಜಾನುಕುಂಟೆ ದಾಟುವಾಗ ಪಕ್ಕದ ಹೆಂಗಸು ಗಂಟು ಸವರಿ, "ಏನಪ್ಪಾ, ಇಷ್ಟು ಗಟ್ಟಿ ಸೀರೆ ಯಾರು ಉಡ್ತಾರೆ?" ಅಂದರು. "ಮೇಷ್ಟ್ರೊಬ್ರಿಗೆ ಉಡಿಸೋಕೆ ಹೋಗ್ತಿದೀನಿ ಅಕ್ಕಾ" ಅಂದೆ. ಅವರು ಆಮೇಲೆ ಕಿಟಕಿಯ ಕಡೆಗೇ ನೋಡುತ್ತಾ ಕೂತರು.

ಲ್ಯಾಬಿನಲ್ಲಿ ಡಬ್ಬ ಇಟ್ಟು ಮಾನಿಟರ್ ಸಿಕ್ಕಿಸಿ ಟೂಲು ಓಡಿಸಿದೆ. ನಿಂತಿತು. ಎಲ್ಲರೂ ಕಾದರು. ಫೈಲು ಸಿಗಲಿಲ್ಲ. ಒಬ್ಬ ನೆಟ್‌ವರ್ಕಿನ ಕೇಬಲ್ ಹಿಡಿದು ಬಂದ. ನಾನು ಡಬ್ಬದ ಹಿಂಬದಿಗೆ ಅಂಗೈ ಮುಚ್ಚಿದೆ.

"ಹಾಕಿದ್ರೆ ಓಡುತ್ತೆ ಕಣೋ!"

"ಓಡುತ್ತೆ ಅಂತ ನಂಗೂ ಗೊತ್ತು. ಕೇಬಲ್ ಆಚೆ ಇಡು."

ಸಾರ್ ನಗುತ್ತಲೇ ಹೇಳಿದರು: "ನೋಡಪ್ಪ, ಒಂದೇ ಒಂದು ಚಿಕ್ಕ ಫೈಲು. ಎಲ್ಲರಿಗೂ ಹಂಚೋದಕ್ಕೆ ಅದರ ಒಡೆಯರ ಅನುಮತಿ ಬೇಕು, ಇವತ್ತು ಕೇಳಿ ಇವತ್ತೇ ಬರೋದಲ್ಲ ಅದು. ಇನ್ನೆರಡು ವರ್ಷ ತಡಿ, ಎಲ್ಲರ ಮನೇಲೂ ಲೈನ್ ಇರುತ್ತೆ. ಗೊತ್ತಾಯ್ತಲ್ಲಪ್ಪ?"

"ಹಂಗಾದ್ರೆ ಎರಡು ವರ್ಷ ಬಿಟ್ಟು ಸೇರಿಸೋಣ ಸಾರ್."

ಯಾರೋ ಕಿಸಕ್ಕೆಂದರು. ಸಾರ್ ನಗು ನಿಲ್ಲಿಸಿದರು. ಅವರ ಬಾಲವನ್ನು ಅವರಿಗೇ ತಿರುಗಿಸಿ ಅಂಟಿಸಬೇಕೆಂದು ನಾಲಿಗೆ ತುರಿಸುತ್ತಿತ್ತು. ಅಂಟಿಸಿದ್ದರೆ ಎಲ್ಲ ನಗೆಯಲ್ಲೇ ಮುಗಿದುಹೋಗಿ, ಟೂಲು ಸೀಡಿಗೆ ಹೋಗುತ್ತಿತ್ತು. ನುಂಗಿಕೊಂಡೆ.

"ಲೈನ್ ಇರೋನು ಎಲ್ಲಾನೂ ಅಲ್ಲಿಂದಾನೇ ಇಳಿಸ್ಕೊತಾನೆ ಸಾರ್. ಸೀಡಿ ಕೇಳೋನು ಲೈನ್ ಇಲ್ದೋನು. ಅವನ ಕೈಗೆ ಓಡದೇ ಇರೋದನ್ನ ಕೊಟ್ಟು ಒಪ್ಪಿದೆ ಅಂತ ನಾನು ಹೆಂಗೆ ಬರೀಲಿ? ಮಗ್ಗದೋರು ಸೆರಗು ಮಾತ್ರ ಬಿಚ್ಚಿ ತೋರ್ಸಿದ್ರೆ ನಮ್ ಚಿಕ್ಕಪ್ಪ ಸೀರೆ ತಗೊಳಲ್ಲ. ಅಂಗಡೀಲಿ ಹಾಸಿ, ಕೊನೇತನಕ ನೋಡ್ತಾರೆ."

"ರಿವ್ಯೂಯರ್‌ನ ಬದಲಾಯ್ಸಿದ್ರೆ ಆಯ್ತಪ್ಪ," ಅಂದ ಗೆಳೆಯ.

"ಬದಲಾಯ್ಸು. ಬರೋನಿಗೆ ಈ ಡಬ್ಬಾನೇ ಕೊಡು, ಕೇಬಲ್ ಕೊಡಬೇಡ."

ಸಾರ್ ಎದ್ದು ಬಂದು ನನ್ನ ಕುರ್ಚಿಗೆ ಕೂತು, ತಾವೇ ಕೀಲಿ ಒತ್ತಿದರು. ಸುಮಾರು ಹೊತ್ತು ಪರದೆಯನ್ನೇ ನೋಡಿದರು. ಅದೇ ಸಾಲು ಬಂತು. ಕನ್ನಡಕ ತೆಗೆದು, ಬಾಲವಿಲ್ಲದೆ, "ಈ ಸಲ ಟೂಲು ಕೈಬಿಡಿ" ಅಂದರು. ಹೊರಗೆ ಹೋದವರು ಮೀಟಿಂಗ್ ಮುಗಿಯುವ ತನಕ ವಾಪಸ್ ಬರಲಿಲ್ಲ. ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಚಪ್ಪಾಳೆಗೆ ಒಗ್ಗಿಹೋದವನು ನಾನು, ಮಾನಿಟರಿನ ತಂತಿ ಬಿಚ್ಚತೊಡಗಿದೆ.

ಗಂಟು ಕಟ್ಟುವಾಗ ಗೆಳೆಯ ಬಂದು ನಿಂತ. "ಸಂತೋಷ ಆಯ್ತಾ? ಟೂಲಿಲ್ಲ, ಅಂದ್ಮೇಲೆ ಕೈಪಿಡೀನೂ ಇಲ್ಲ. ಬರೀ ಸೀಡಿ ಇಟ್ಕೊಂಡು ಜನ ಏನ್ಮಾಡ್ಬೇಕು, ನಿನ್ನ ಮಿಮಿಕ್ರಿ ಕೇಳ್ಬೇಕಾ?"

"ನಾನೇ ಬರ್ಕೊಡ್ತೀನಿ."

"ಯಾವುದ್ರಲ್ಲಿ?"

"ಬರೀ ಅಕ್ಷರದಲ್ಲಿ. ನಾಳೆ ಬೆಳಿಗ್ಗೆ ಶಟರ್ ಏಳೋದ್ರೊಳಗೆ ಕಳಿಸ್ತೀನಿ."

ಸಂಜೆಯ ಬಸ್ಸಿಗೇ ಊರಿಗೆ ಬಂದು ಹಿಂದಿನ ಕೋಣೆಯಲ್ಲಿ ಕೂತೆ. ಅಕ್ಷರಕ್ಕೆ ದಪ್ಪವಿಲ್ಲ, ಚಿತ್ರವಿಲ್ಲ, ಪುಟಕ್ಕೆ ಅಂಚಿಲ್ಲ. ತಲೆಬರಹದ ಕೆಳಗೆ ಅಡ್ಡಗೆರೆ ಬೇಕೆಂದರೆ ಮೈನಸ್ ಕೀಲಿಯನ್ನೇ ಒತ್ತಿ ಹಿಡಿಯಬೇಕು. ಮಧ್ಯೆ ಕರೆಂಟು ಹೋಗಿ ಉಳಿಸದ ಒಂದು ಅಧ್ಯಾಯವೇ ಹಾರಿಹೋಯಿತು. ಬೈದುಕೊಂಡು ಮತ್ತೆ ಹೊಡೆದೆ. ಓದುವವನನ್ನು ಯಾವ ದನಿಯಲ್ಲಿ ಕರೆಯಬೇಕೆಂದು ಮೊದಲು ಒದ್ದಾಡಿದೆ. ಸಾರ್ ದನಿ ಬಂತು, ಚಿಕ್ಕಪ್ಪನ ದನಿ ಬಂತು, ಎರಡನ್ನೂ ಅಳಿಸಿದೆ. ಕೊನೆಗೆ ಮೊದಲ ಸಾಲು ಹೀಗೆ ನಿಂತಿತು: "ಇದನ್ನು ಓದಲು ನಿಮಗೆ ಫೋನ್ ಲೈನ್ ಬೇಕಾಗಿಲ್ಲ."