ಕಾಣದ ರಬ್ಬರ್ ರಿಂಗು

ನಾನು ಮೊದಲ ಸಲ ಕಂಡ ದಿನ ಆತ ತನ್ನ ಗ್ಯಾರೇಜಿನಲ್ಲಿ ಒಂದು ಸ್ಕೂಟರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಬ್ರೇಕು ಸರಿಯಾಗಿ ಅರ್ಧ ಗಂಟೆಯಾಗಿತ್ತು. ಸ್ಕೂಟರಿನ ಯಜಮಾನರು ಕೀಲಿಗಾಗಿ ಕೈ ಚಾಚಿಕೊಂಡೇ ನಿಂತಿದ್ದರು. "ತಾಳಿ ಸಾರ್, ಇನ್ನೊಂದ್ಸಲ ನೋಡಿಬಿಡ್ತೀನಿ" ಎಂದು ಆತ ಮತ್ತೆ ಚಕ್ರ ತಿರುಗಿಸಿದ. ಬಿಡಿಭಾಗ ಮಾರುವ ಕೌಂಟರಿನ ಹಿಂದಿನಿಂದ ಆತನ ಹೆಂಡತಿಯ ದನಿ ಬಂತು: "ಕೊಟ್ಟು ಕಳಿಸ್ರೀ! ಅವರೇನು ಗಾಡೀನ ನಮಗೆ ದತ್ತು ಕೊಟ್ಟಿಲ್ಲ."

ಬೀದಿಯವರು ಆತನಿಗೆ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟಿದ್ದರು. ಹುಟ್ಟಾ ಪುಕ್ಕಲ, ತನ್ನ ನೆರಳಿಗೆ ತಾನೇ ಬೆಚ್ಚುವ ಪೈಕಿ. ಹಗಲಿಡೀ ಗಾಡಿಗಳ ಕೆಳಗೆ ಮಲಗಿರುತ್ತಿದ್ದವನಿಗೆ ಗಾಡಿ ಹತ್ತಿ ಕೂರಲು ಮಾತ್ರ ಜೀವ ಝಲ್ಲೆನ್ನುತ್ತಿತ್ತು. ಆದರೆ ಆ ಅಂಜಿಕೆಯೇ ಆತನಿಗೆ ಅನ್ನ ಹಾಕುತ್ತಿತ್ತು. ಬಿಗಿದ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡದೆ ಆತ ಯಾವ ಗಾಡಿಯನ್ನೂ ಹೊರಗೆ ಬಿಟ್ಟವನಲ್ಲ. ಕಣ್ಣು ಮೋಸ ಮಾಡೀತು, ಬೆರಳು ಮಾಡದು ಎಂಬುದು ಆತನ ನಂಬಿಕೆ. ಬೆಳಕು ಹೋಗದ ಸಂದಿಯಲ್ಲಿ ಬಲಗೈ ತೋರುಬೆರಳಾಡಿಸಿ ಕೂದಲೆಳೆಯಷ್ಟು ಬಿರುಕನ್ನೂ ಹಿಡಿದುಬಿಡುತ್ತಿದ್ದ.

ಆ ಗ್ಯಾರೇಜಿಗೆ ಹಲ್ಲಿನ ಡಾಕ್ಟರೊಬ್ಬರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ತರುತ್ತಿದ್ದರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ವಯಸ್ಸಿನಲ್ಲಿ ಡಾಕ್ಟರಿಗಿಂತ ನಾಲ್ಕೇ ವರ್ಷ ಚಿಕ್ಕದು. ಬೆಟ್ಟದ ರಸ್ತೆ ಹತ್ತಿದರೆ ಅದರ ಎಂಜಿನ್ ಆಯಿಲ್ ಕಾದು ನೀರಿನಂತಾಗಿ, ಆಯಿಲಿನ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಿತ್ತು. ಅದಕ್ಕೆ ಮದ್ದೆಂದು ಡಾಕ್ಟರು ಒಂದು ಆಯಿಲ್ ಕೂಲರ್ ತರಿಸಿದರು. ಮುಂದಿನ ಜಾಲರಿಯ ಹಿಂದೆ ಕೂರುವ ಪುಟ್ಟ ರೇಡಿಯೇಟರು, ಎರಡು ಹೋಸ್ ಪೈಪು, ಎಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಸೇರಿಸುವ ಒಂದು ದಪ್ಪ ಬಿಲ್ಲೆ, ಇಷ್ಟೇ. ಕಾದ ಆಯಿಲು ಬಿಲ್ಲೆಯಿಂದ ಹೊರಟು, ಮುಂದೆ ಗಾಳಿಗೆ ತಣಿದು, ಮತ್ತೆ ಒಳಗೆ ಬರಬೇಕು.

ಆತನಿಗೆ ಶುರುವಿನಿಂದಲೇ ಅಳುಕು. "ಕಾರು ಮಾಡಿದೋರು ಕೊಡದೇ ಇರೋದನ್ನ ನಾವು ಸೇರಿಸ್ತಿದ್ದೀವಿ ಡಾಕ್ಟ್ರೇ. ಜಾಯಿಂಟ್ ಹೆಚ್ಚಾದಷ್ಟೂ ಸೋರೋಕೆ ಬಾಯಿ ಹೆಚ್ಚು."

"ನೀನು ಹಲ್ಲು ಕೀಳಿಸ್ಕೊಳ್ಳೋಕೆ ಬಂದಾಗ್ಲೂ ಹೀಗೇ ನಡುಗಿದ್ದೆ. ಸತ್ತೆಯೇನಪ್ಪಾ?" ಎಂದು ಡಾಕ್ಟರು ನಕ್ಕರು.

ಕೂಲರಿಗೆ ಆಧಾರವಾಗಿ ತಗಡಿನ ಪಟ್ಟಿ ಕತ್ತರಿಸುವಾಗ ಆತ ತೋರುಬೆರಳನ್ನೇ ಕೊಯ್ದುಕೊಂಡ. ಹೆಂಡತಿ ಬಟ್ಟೆ ಸುತ್ತಿ, ಮೇಲೊಂದು ರಬ್ಬರ್ ಕೈಗವಸು ತೊಡಿಸಿದಳು. ಹಾಗೆಯೇ ಹಳೆಯ ಫಿಲ್ಟರನ್ನು ಬಿಚ್ಚಿ ಬದಿಗಿಟ್ಟ. ಅದು ಕೂತಿದ್ದ ಜಾಗದ ಸುತ್ತ ಬೆರಳಾಡಿಸಿದ. ನುಣ್ಣಗಿದೆ ಎನಿಸಿತು. ಬಿಲ್ಲೆ ಕೂರಿಸಿ, ಹೊಸ ಫಿಲ್ಟರ್ ಬಿಗಿದು, ಪೈಪು ಜೋಡಿಸಿ, ಹೊಸ ಆಯಿಲ್ ಸುರಿದ. ಎಂಜಿನ್ನಿನ ಕೆಳಗೆ ಹಳೆಯ ಪೇಪರು ಹಾಸಿ, ಕಾಲು ಗಂಟೆ ನಿಂತಲ್ಲೇ ಓಡಿಸಿದ. ಪೇಪರಿನ ಮೇಲೆ ಒಂದು ಹನಿಯೂ ಇರಲಿಲ್ಲ.

"ಬಾರಯ್ಯ, ಬೆಟ್ಟಕ್ಕೊಂದು ಸುತ್ತು ಹೋಗಿ ಬರೋಣ" ಎಂದರು ಡಾಕ್ಟರು. ಆತ ಎರಡು ಹೆಜ್ಜೆ ಹಿಂದೆ ಸರಿದ. ಕೌಂಟರಿನ ಹಲಗೆ ಎತ್ತಿ ಹೆಂಡತಿ ಹೊರಗೆ ಬಂದಳು.

"ನಾನು ಬರ್ತೀನಿ ಡಾಕ್ಟ್ರೇ. ಮದುವೆಯಾದಾಗಿಂದ ಗಾಡಿ ಕೆಳಗಿನ ಇವರ ಕಾಲನ್ನೇ ನೋಡಿದ್ದಾಯ್ತು. ಒಂದಿನ ಗಾಡಿ ಮೇಲೆ ಕೂತು ಗಾಳಿ ಕುಡೀತೀನಿ."

"ಮುಳ್ಳಿನ ಮೇಲೆ ಕಣ್ಣಿಟ್ಟಿರು ಕಣೇ. ಬಿತ್ತೋ, ನಿಲ್ಲಿಸೋಕೆ ಹೇಳು" ಎಂದ ಆತ.

"ಆಯ್ತು ಬಿಡ್ರೀ. ಒಳ್ಳೇ ಸ್ವರ್ಗಕ್ಕೆ ಕಳಿಸೋ ಹಾಗೆ ಆಡ್ತೀರಲ್ಲ!"

ಕಾರು ಬೀದಿಯ ತಿರುವು ದಾಟಿತು. ಆತ ಹಳೆಯ ಫಿಲ್ಟರಿನಲ್ಲಿ ಉಳಿದ ಆಯಿಲನ್ನು ಡಬ್ಬಕ್ಕೆ ಬಸಿಯಲೆಂದು ಅದನ್ನು ಬಗ್ಗಿಸಿದ. ಬಗ್ಗಿಸಿದ ಕೈ ಹಾಗೆಯೇ ನಿಂತಿತು.

ಫಿಲ್ಟರಿನ ಬಾಯಿಯ ಸುತ್ತ, ಆಯಿಲು ಸೋರದಂತೆ ತಡೆಯುವ ಒಂದು ರಬ್ಬರ್ ರಿಂಗಿರಬೇಕು. ಅದು ಕೂರುವ ತೋಡು ಖಾಲಿಯಿತ್ತು.

ತಟ್ಟೆಯಲ್ಲಿ ಹುಡುಕಿದ. ಬೆಂಚಿನ ಕೆಳಗೆ ತಡಕಿದ. ಚಪ್ಪಲಿಯ ಅಟ್ಟೆಗೇನಾದರೂ ಅಂಟಿದೆಯೇ ಎಂದೂ ನೋಡಿದ. ಎಲ್ಲೂ ಇರಲಿಲ್ಲ. ಎಂದ ಮೇಲೆ ಅದು ಇರುವುದು ಒಂದೇ ಕಡೆ. ವರ್ಷಗಟ್ಟಲೆ ಕಾವಿಗೆ ಬೆಂದು ಎಂಜಿನ್ನಿಗೇ ಕಚ್ಚಿಕೊಂಡಿದೆ. ಗವಸು ತೊಟ್ಟ ಬೆರಳಿಗೆ ಅದು ಕಬ್ಬಿಣವೇ ಎನಿಸಿದೆ. ಅದರ ಮೇಲೆ ಬಿಲ್ಲೆಯ ಹೊಸ ರಿಂಗು ಕೂತಿದೆ. ರಬ್ಬರಿನ ಮೇಲೆ ರಬ್ಬರು. ನಿಂತ ಕಾರಿನಲ್ಲಿ ಹೇಗೋ ತಡೆದೀತು. ಏರಿನಲ್ಲಿ ಎಂಜಿನ್ ಮೊರೆದು ಒತ್ತಡ ಏರಿದರೆ ರಿಂಗು ಜಾರಿ ಆಚೆ ಬರುತ್ತದೆ. ಆಯಿಲು ಕಾದ ಸೈಲೆನ್ಸರ್ ಪೈಪಿಗೆ ಚಿಮ್ಮಬಹುದು. ಹಿಂದಿನ ಚಕ್ರದ ಕೆಳಗೂ ಹರಿಯಬಹುದು. ಆ ರಸ್ತೆಯ ಒಂದು ಪಕ್ಕ ಬರೀ ಕಣಿವೆ.

ಡಾಕ್ಟರಿಗೆ ಫೋನು ಮಾಡಿದ. ಸೂರಿಲ್ಲದ ಕಾರಿನಲ್ಲಿ, ಆ ಗಾಳಿಯ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಹೆಂಡತಿಗೆ ಮಾಡಿದ. ಫೋನು ಕೌಂಟರಿನ ಮೇಲೆಯೇ ಬಡಿದುಕೊಂಡಿತು.

ಪಕ್ಕದ ಅಂಗಡಿಯ ದರ್ಜಿಯ ಸ್ಕೂಟರು ಕೇಳಿ ಪಡೆದ. ಕೀಲಿಯನ್ನು ತಲೆಕೆಳಗಾಗಿ ತುರುಕಿ, ಮತ್ತೆ ತಿರುವಿ ತುರುಕಿದ. "ಏನಣ್ಣ, ದೆವ್ವ ಗಿವ್ವ ನೋಡಿದ್ಯಾ?" ಎಂದು ದರ್ಜಿ ಕೇಳುವಷ್ಟರಲ್ಲಿ ಸ್ಕೂಟರು ಬೀದಿಯ ತಿರುವಿನಲ್ಲಿತ್ತು.

ಮೊದಲ ತಿರುವಿನವರೆಗೂ ರಸ್ತೆ ಒಣಗಿತ್ತು. ಎದೆ ಕೊಂಚ ಹಗುರವಾಯಿತು. ಎರಡನೆಯದರಲ್ಲಿ ಒಂದು ಹನಿ. ಯಾವುದೋ ಲಾರಿಯದಿರಬೇಕೆಂದು ತನಗೆ ತಾನೇ ಹೇಳಿಕೊಂಡ. ಆದರೂ ಇಳಿದು ಬೆರಳಿಗೆ ಹಚ್ಚಿಕೊಂಡ. ಲಾರಿಯದಾದರೆ ಮಸಿಯಂತಿರಬೇಕು. ಇದು ಜೇನಿನ ಬಣ್ಣ. ತಾನೇ ಸುರಿದ ಹೊಸ ಆಯಿಲು.

ಅಲ್ಲಿಂದ ಮುಂದೆ ಹನಿಗಳು ಒಂದಕ್ಕೊಂದು ಹತ್ತಿರವಾದವು. ಆಮೇಲೆ ಹನಿಗಳಿರಲಿಲ್ಲ, ಗೆರೆಯಿತ್ತು. ನಾಲ್ಕನೆಯ ತಿರುವಿನಲ್ಲಿ ಆ ಗೆರೆ ಅಗಲವಾಗಿ, ಓರೆಯಾಗಿ, ಕಣಿವೆಯ ಕಡೆಗೆ ಜಾರಿತ್ತು. ತಿರುವಿನಲ್ಲಿದ್ದ ಬಂಡೆಯ ಆಚೆಯಿಂದ ಹೊಗೆ ಏಳುತ್ತಿತ್ತು. ಸ್ಕೂಟರನ್ನು ಅಲ್ಲಿಯೇ ಬೀಳಗೊಟ್ಟ. ಕೆಳಗೆ ಬಗ್ಗಿ ನೋಡುವ ಧೈರ್ಯವಿಲ್ಲ. ಅತ್ತ ಬೆನ್ನು ಮಾಡಿ ನಿಂತು, "ಲೇ... ಎಲ್ಲಿದ್ದೀಯೇ?" ಎಂದು ಕೂಗಿದ. ಕೂಗೆಂಬುದು ಪಿಸುಮಾತಾಗಿ ಹೊರಬಿತ್ತು. ಮತ್ತೆ ಕೂಗಿದ.

"ಇನ್ನೂ ಸತ್ತಿಲ್ಲ, ಬನ್ರೀ ಈ ಕಡೆ!"

ಬಂಡೆಯ ಆಚೆ ಕಾರು ರಸ್ತೆಯಂಚಿನ ಮೋಟುಗೋಡೆಗೆ ಮೂತಿ ಆನಿಸಿ ನಿಂತಿತ್ತು. ಡಾಕ್ಟರು ಮೈಲಿಗಲ್ಲಿನ ಮೇಲೆ ಬಿಳುಪೇರಿ ಕುಳಿತಿದ್ದರು. ಆಕೆ ಬೊಗಸೆ ಬೊಗಸೆ ಮಣ್ಣನ್ನು ಕಾರಿನ ಕೆಳಗೆ ಎರಚುತ್ತಿದ್ದಳು.

"ಮುಳ್ಳು ದಬಕ್ಕಂತ ಬಿತ್ತು. ‘ಹಳೇ ಮೀಟರು, ಸುಳ್ಳು ಹೇಳುತ್ತೆ’ ಅಂದ್ರು ಇವರು. ನಾನೇ ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟೆ. ಆಮೇಲೆ ಜಾರ್ತು ನೋಡಿ..." ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಒಡೆಯಿತು.

"ಆ ಕೂಲರೇ ಕಳಪೆ ಮಾಲು ಅನ್ಸುತ್ತೆ, ಅಲ್ವೇನಪ್ಪಾ?" ಎಂದರು ಡಾಕ್ಟರು.

ಹೂಂ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆತ ಹೆಂಡತಿಯ ಮಣ್ಣಾದ ಕೈಗಳನ್ನು ನೋಡಿದ.

"ಮಾಲು ಚೆನ್ನಾಗಿದೆ ಡಾಕ್ಟ್ರೇ. ತಪ್ಪು ನಂದು. ಹಳೇ ರಬ್ಬರ್ ಕೀಳದೇ ಅದರ ಮೇಲೇ ಹೊಸದು ಕೂರಿಸಿಬಿಟ್ಟೆ."

ಡಾಕ್ಟರು ಮೈಲಿಗಲ್ಲಿನಿಂದ ಎದ್ದು ಆತನ ಪಕ್ಕಕ್ಕೆ ಬಂದರು. "ನಾನೂ ಒಂದ್ಸಲ ಒಬ್ಬರ ಒಳ್ಳೇ ಹಲ್ಲು ಕಿತ್ತಿದ್ದೆ ಕಣಯ್ಯ" ಎಂದರು. "ಹೇಳೋ ಧೈರ್ಯ ಮಾತ್ರ ಬರಲಿಲ್ಲ."

ಇದಾಗಿ ಎಷ್ಟೋ ವರ್ಷಗಳಾದವು. ಗ್ಯಾರೇಜು ನಡೆಯುತ್ತಿದೆ, ಆಕೆ ಕೌಂಟರಿನಲ್ಲಿದ್ದಾಳೆ. ಆತನ ಅಂಜಿಕೆ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ಈಗ ರಿಪೇರಿಯಾದ ಯಾವ ಗಾಡಿಯೇ ಬೆಟ್ಟಕ್ಕೆ ಹೊರಡಲಿ, ಪಕ್ಕದ ಸೀಟಿನಲ್ಲಿ ಕೂರುವವನು ಆತನೇ. ಮೊನ್ನೆ ಯಾರದೋ ವ್ಯಾನಿನಲ್ಲಿ ಎದುರಾದ. ಎರಡೂ ಕೈಯಲ್ಲಿ ಬಾಗಿಲನ್ನು ಅವುಚಿಕೊಂಡಿದ್ದ, ಹಣೆಯೆಲ್ಲ ಬೆವರು. ನಾನು ಕೈಬೀಸಿದ್ದು ಆತನಿಗೆ ಕಾಣಿಸಲಿಲ್ಲ. ದೃಷ್ಟಿ ಮೀಟರಿನ ಮುಳ್ಳಿನಲ್ಲಿ ನೆಟ್ಟಿತ್ತು. ವ್ಯಾನು ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು.